ಅರ್ಧ ಬೆರಳು ಅಗಲ

ಬೀದಿಯ ಜನ ಅವರಿಬ್ಬರ ಹೆಸರನ್ನು ಎಂದೋ ಮರೆತಿದ್ದರು. ಬಟ್ಟೆ ಕತ್ತರಿಸುವವಳು ಕತ್ತರಿಯಕ್ಕ, ಹೊಲಿಯುವವಳು ಸೂಜಿಯಕ್ಕ. ಅಂಗಡಿ ಎಂದರೆ ಒಂದೇ ಕೋಣೆ: ಕಿಟಕಿಯ ಕಡೆ ಮೇಜು, ಬಾಗಿಲ ಕಡೆ ಮೆಷಿನ್ನು. ಅದರ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರ ವಾಸ. ಹತ್ತೊಂಬತ್ತು ವರ್ಷದಿಂದ ಹೀಗೇ.

ಕತ್ತರಿಯಕ್ಕನಿಗೆ ಮಾತು ಕಡಿಮೆ. ಅಳತೆ ತೆಗೆಯುವಾಗಲೂ "ಕೈ ಎತ್ತಿ", "ಉಸಿರು ಬಿಡಿ" ಎನ್ನುವಷ್ಟೇ. ಉಳಿದದ್ದನ್ನು ಸೂಜಿಯಕ್ಕ ಇಬ್ಬರ ಪಾಲಿಗೂ ಸೇರಿಸಿ ಆಡುತ್ತಿದ್ದಳು.

ಕತ್ತರಿಯಕ್ಕನ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು. ಅಂಗಡಿ ತೆರೆದ ಹೊಸತರಲ್ಲಿ ಅಂಗಿಗಳು ಬಿಗಿಯಾಗುತ್ತಿದ್ದವು. ಗೆಳತಿ ಹೊಲಿಗೆಯನ್ನು ಬೇಕಾದ್ದಕ್ಕಿಂತ ಒಳಗೆ ಹಿಡಿಯುತ್ತಿದ್ದಳು. ಹೇಳಿದರೆ ನೊಂದುಕೊಂಡಾಳು. ಹಾಗಾಗಿ ಅಂದಿನಿಂದ ಕತ್ತರಿಯಕ್ಕ ಸೀಮೆಸುಣ್ಣದ ಗೆರೆಯನ್ನೇ ಅರ್ಧ ಬೆರಳು ಅಗಲ ಬಿಟ್ಟು ಎಳೆಯತೊಡಗಿದಳು. ಅಂಗಿಗಳು ಮೈಗೆ ಸರಿಯಾಗಿ ಕೂತವು.

ಈ ವರ್ಷ ಸೂಜಿಯಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಸುದ್ದಿ ಕೇಳಿ ಅವಳ ತಂಗಿ ಓಡಿಬಂದಳು.

"ನಮ್ಮನೇಗೆ ಬಂದುಬಿಡಕ್ಕ. ಇಲ್ಲಿ ನಿನಗೆ ಅಂತ ಯಾರಿದ್ದಾರೆ? ಗಂಡನಾ, ಮಕ್ಕಳಾ?"

ಸೂಜಿಯಕ್ಕ ಮೇಜಿನ ಕಡೆ ನೋಡಿದಳು. ಅಲ್ಲಿದ್ದ ಕತ್ತರಿಯಕ್ಕ ತಲೆ ತಗ್ಗಿಸಿ ಎಳೆದ ಗೆರೆಯ ಮೇಲೇ ಮತ್ತೆ ಗೆರೆ ಎಳೆದಳು.

"ನೋಡೋಣ. ಭಾನುವಾರ ಬಾ, ಹೇಳ್ತೀನಿ," ಎಂದಳು ಸೂಜಿಯಕ್ಕ. ಅವಳ ದನಿ ಸಪ್ಪಗಿತ್ತು.

ಮೆಷಿನ್ನಿಗೆ ಒಬ್ಬ ಹೊಸಬಳು ಬಂದಳು. ಅಚ್ಚುಕಟ್ಟಿನ ಕೆಲಸ, ಗೆರೆ ತಪ್ಪದ ಹೊಲಿಗೆ. ಎರಡೇ ದಿನಕ್ಕೆ ಅಂಚೆಯವನು ಹೊಸ ಅಂಗಿ ತೊಟ್ಟುಕೊಂಡೇ ಬಂದ.

"ಅಕ್ಕಾ, ಇದರೊಳಗೆ ನಾನೂ ನನ್ನ ಸೈಕಲ್ಲೂ ಇಬ್ರೂ ಹಿಡಿಸ್ತೀವಿ."

ಅವನ ಹಿಂದೆಯೇ ಮತ್ತೆ ನಾಲ್ಕು ಅಂಗಿ ವಾಪಸು ಬಂದವು. "ನೀವು ಕತ್ತರಿಸಿದ್ದಕ್ಕೆ ಸರಿಯಾಗೇ ಹೊಲ್ದಿದ್ದೀನಿ, ಬೇಕಾದ್ರೆ ಅಳೆದು ನೋಡಿ," ಎಂದಳು ಹೊಸಬಳು ಮುಖ ಊದಿಸಿಕೊಂಡು.

ಸೂಜಿಯಕ್ಕ ಎಡಗೈಯಲ್ಲೇ ಟೇಪು ಹಿಡಿದು ಅಳೆದಳು.

"ಅವಳದೇನೂ ತಪ್ಪಿಲ್ಲ ಬಿಡು. ನೀನು ಅಗಲ ಕತ್ತರಿಸೋದು ನನಗೆ ಮೊದಲ ಅಂಗಿಯಿಂದ್ಲೇ ಗೊತ್ತು. ಅದಕ್ಕೇ ನಾನು ಒಳಗೆ ಹಿಡೀತಿದ್ದೆ."

ಕತ್ತರಿಯಕ್ಕ ತಬ್ಬಿಬ್ಬಾದಳು. ಮೊದಲ ಅಂಗಿ! ಎಲ್ಲಿ ಬಟ್ಟೆ ಹಾಳಾಗುತ್ತದೋ ಎಂದು ಅಂಜಿಕೊಂಡು ಅದೊಂದನ್ನು ದೊಗಳೆಯಾಗಿ ಕತ್ತರಿಸಿದ್ದು ನಿಜ.

"ಅದೊಂದೇ ಕಣೇ! ಆಮೇಲೆ ನೀನು ಒಳಗೆ ಹಿಡೀತೀಯ ಅಂತ ನಾನು ಅಗಲ ಬಿಟ್ಟೆ."

"ನೀನು ಬಿಡ್ತೀಯ ಅಂತ ನಾನು ಹಿಡಿದೆ!"

"ಹೇಳಬಾರದಿತ್ತಾ?"

"ಹೇಳಿದ್ರೆ ಮೂರು ದಿನ ಊಟ ಬಿಡ್ತಿದ್ದೆ ನೀನು. ನಿನ್ನ ಬುದ್ಧಿ ಗೊತ್ತಿಲ್ವಾ ನನಗೆ?"

ಹೊಸಬಳು ಹಣೆ ಚಚ್ಚಿಕೊಂಡಳು. "ಹತ್ತೊಂಬತ್ತು ವರ್ಷ ಬಟ್ಟೆ ದಂಡ ಮಾಡಿದ್ದೀರಲ್ಲ, ಪುಣ್ಯಾತ್ಗಿತ್ತೀರಾ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕತ್ತರಿಯಕ್ಕನ ಕಣ್ಣು ತುಂಬಿತು. ಭಾನುವಾರಕ್ಕೆ ಇನ್ನೆರಡೇ ದಿನ. ತನ್ನನ್ನು ನೋಯಿಸಬಾರದೆಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಇವಳನ್ನು, ತಾನು ಬಾಯಿ ಬಿಡದೆಯೇ ಕಳೆದುಕೊಳ್ಳುವುದೇ?

ಭಾನುವಾರ ತಂಗಿ ಖಾಲಿ ಪೆಟ್ಟಿಗೆ ಸಮೇತ ಬಂದಳು. "ಏನಕ್ಕ, ಯೋಚನೆ ಮಾಡಿದ್ಯಾ? ಇಲ್ಲಿ ನಿನಗೆ ಯಾರಿದ್ದಾರೆ ಅಂತ..."

"ನಾನಿದ್ದೀನಿ," ಎಂದಳು ಕತ್ತರಿಯಕ್ಕ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವಳ ತಲೆ ಬಾಚ್ತೀನಿ, ಊಟ ಕಲಸಿ ಕೊಡ್ತೀನಿ. ಕೈ ಸರಿಹೋಗದಿದ್ರೂ ಸರಿ, ಅವಳು ಇಲ್ಲಿರ್ಲಿ. ಅವಳಿಲ್ಲದೆ ನನಗಾಗಲ್ಲ."

ತಂಗಿ ಅಕ್ಕನ ಮುಖ ನೋಡಿದಳು. ಸೂಜಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹೋದ ಸಲಾನೇ ಇದನ್ನ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಗೆಳತಿಯನ್ನು ಗದರಿದಳು. ಆಮೇಲೆ ತಂಗಿಯ ಕಡೆ ತಿರುಗಿ, "ಪೆಟ್ಟಿಗೆ ಹೊತ್ಕೊಂಡು ಬಂದಿದ್ದೀಯ, ಪಾಪ. ಕೂತ್ಕೋ, ಊಟ ಮಾಡ್ಕೊಂಡು ಹೋಗು," ಎಂದಳು.

ಪ್ಲಾಸ್ಟರ್ ಬಿಚ್ಚಿದ ದಿನ ಸೂಜಿಯಕ್ಕ ಮತ್ತೆ ಮೆಷಿನ್ನಿನ ಮುಂದೆ ಕೂತಳು. ಕತ್ತರಿಯಕ್ಕ ಬಟ್ಟೆ ಹರವಿ, ಸೀಮೆಸುಣ್ಣ ಹಿಡಿದು, ಮೊದಲ ಬಾರಿಗೆ ಕೇಳಿದಳು:

"ಅಗಲ ಎಷ್ಟು ಬಿಡ್ಲೇ?"

"ಯಾವಾಗ್ಲೂ ಬಿಡೋವಷ್ಟೇ ಬಿಡು. ಈಗ ಹೊಸದಾಗಿ ಯಾರು ಕಲೀತಾರೆ?"