ದೋಣಿ ಕಟ್ಟುವ ಮುದುಕ

ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತಿದ್ದ ಅವಳಿಗೆ ಜೊತೆಯವರು ಇಟ್ಟಿದ್ದ ಹೆಸರು 'ಅರ್ಧ ಮಿಲಿಮೀಟರ್'. ಕರೆಯೋಲೆಯೇ ಇರಲಿ, ಔಷಧಿ ಡಬ್ಬಿಯ ಚೀಟಿಯೇ ಇರಲಿ, ಅಂಚು ಕೂದಲೆಳೆಯಷ್ಟು ಜರುಗಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಬಿದ್ದ ಮೇಲೆ ಅವಳು ಆ ಪುಟವನ್ನು ತಿದ್ದುತ್ತಿರಲಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಜೋಡಿಸುತ್ತಿದ್ದಳು. ಯಂತ್ರ ನಡೆಸುವವನು ತಲೆ ಚಚ್ಚಿಕೊಳ್ಳುತ್ತಿದ್ದ. ಅವಳು ಮಾತ್ರ, ಇದೆಲ್ಲ ಅಪ್ಪ ಕಲಿಸಿದ್ದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಅಪ್ಪ ಬಡಗಿ. ಈಗ ಕೈ ನಡುಗುತ್ತದೆಂದು ಕೆಲಸ ಬಿಟ್ಟು ಅವಳ ಮನೆಯಲ್ಲೇ ಇದ್ದ. ಬೆಳಿಗ್ಗೆ ಎದ್ದು ಕಿಟಕಿ ಬಾಗಿಲುಗಳ ಮೇಲೆ ಬೆರಳಾಡಿಸಿ, ಇದನ್ನು ಮಾಡಿದವನು ಯಾವ ಪುಣ್ಯಾತ್ಮ ಎಂದು ಬೈದುಕೊಂಡು, ಆಮೇಲೆ ಚಹಾ ಕುಡಿಯುತ್ತಿದ್ದ. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ಅದೇ ಬಡಾವಣೆಯ ಆಚೆ ತುದಿಯಲ್ಲಿದ್ದಳು. ಬರುತ್ತಿದ್ದುದು ಕಡಿಮೆ, ಬಂದರೆ ಅಪ್ಪನ ರಕ್ತದೊತ್ತಡ ನೋಡಿ, ಮಾತ್ರೆ ಎಣಿಸಿಟ್ಟು, ಚಪ್ಪಲಿ ಮೆಟ್ಟುತ್ತಿದ್ದಳು.

ರಜೆಯ ದಿನಗಳನ್ನೆಲ್ಲ ಸುರಿದು ಅವಳು ಒಂದು ಕಂಪ್ಯೂಟರ್ ಗೇಮ್ ಮಾಡುತ್ತಿದ್ದಳು. ಆಡುವವರು ಒಬ್ಬ ದಾರಿಹೋಕಳ ಪಾತ್ರ ತೊಟ್ಟು ನದಿಯಾಚೆಯ ಊರು ಸೇರಬೇಕು. ಕಾಡಿನ ಮೃಗಗಳ ಜೊತೆ ಕಾದಾಡಬೇಕು, ಜನರ ಸ್ನೇಹ ಗಳಿಸಬೇಕು, ಕಸುಬು ಕಲಿಯಬೇಕು. ಮೊದಲ ಭಾಗವಷ್ಟೇ ಮುಗಿದಿತ್ತು. ಅದನ್ನೇ ಡೆಮೊ ಎಂದು ಆಟಗಾರರು ಸೇರುವ ಒಂದು ಜಾಲತಾಣದಲ್ಲಿ ಹಾಕಿ, ಎಲ್ಲಿ ಕಷ್ಟವಾಯಿತು, ಯಾವುದು ಸರಿಯಿಲ್ಲ, ಮುಲಾಜಿಲ್ಲದೆ ಹೇಳಿ ಎಂದು ಕೇಳಿಕೊಂಡಿದ್ದಳು.

ಅವಳಿಗೆ ತೀರಾ ಅಚ್ಚುಮೆಚ್ಚಾದದ್ದು ನದಿ ದಂಡೆಯಲ್ಲಿ ದೋಣಿ ಕಟ್ಟುವ ಮುದುಕನ ಪಾತ್ರ. ಅವನ ಹತ್ತಿರ ಕೆಲಸ ಕಲಿಯದೆ ನದಿ ದಾಟುವಂತಿಲ್ಲ. ಹಲಗೆಗೆ ಹಲಗೆ ಕೂಡಿಸಲು ಕೊರೆಯುವ ಒಂದು ಕಚ್ಚು ತಪ್ಪಿದರೂ ಮುದುಕ ಎದ್ದು ಬಂದು, ಕೊಡಲಿಯೆತ್ತಿ ಇಡೀ ದೋಣಿಯನ್ನು ಸೀಳಿ, "ಮೊದಲಿಂದ ಮಾಡು" ಎನ್ನುತ್ತಾನೆ. ಅಷ್ಟೇ, ಬೇರೆ ಮಾತಿಲ್ಲ. ಕೊನೆಗೆ ದೋಣಿ ಸರಿಯಾದರೆ ಒಮ್ಮೆ ತಲೆಯಾಡಿಸುತ್ತಾನೆ. ಆ ತಲೆಯಾಡಿಸುವಿಕೆಗೆ ಆಟಗಾರರ ಕಣ್ಣು ತುಂಬಿ ಬರುತ್ತದೆ ಎಂದು ಅವಳು ನಂಬಿದ್ದಳು.

ವಾರ ಕಳೆದು, ಕೆಲಸಕ್ಕೆ ಹೊರಡುವ ಮುಂಚೆ ಜಾಲತಾಣ ತೆರೆದಳು. ಮೊದಲ ದೂರುಗಳು ನಗು ಬರಿಸಿದವು. ಅಕ್ಷರ ಓದಲು ದುರ್ಬೀನು ಬೇಕು ಎಂದಿದ್ದ ಒಬ್ಬ. ಚೀಲದಲ್ಲಿ ರೊಟ್ಟಿ ಹಿಡಿಸಿದರೆ ಕತ್ತಿ ಹಿಡಿಸುವುದಿಲ್ಲ ಎಂದಿದ್ದಳು ಇನ್ನೊಬ್ಬಳು. ತೋಳಗಳು ಪಾಪದವು, ಹೊಡೆಯಲು ಮನಸ್ಸೇ ಬರಲಿಲ್ಲವಂತೆ ಮತ್ತೊಬ್ಬರಿಗೆ. ಅದಾದ ಮೇಲೆ ಮುದುಕ ಬಂದ. ಆಡುವುದನ್ನು ನಡುವೆ ಬಿಟ್ಟವರೆಲ್ಲ ಹೆಚ್ಚುಕಡಿಮೆ ಅವನ ಹತ್ತಿರವೇ ಬಿಟ್ಟಿದ್ದರು. ಕಷ್ಟ ಇರಲಿ, ಆದರೆ ತಪ್ಪು ಯಾವುದೆಂದು ಹೇಳದೆ ಶಿಕ್ಷೆ ಕೊಡುವುದು ಆಟವಲ್ಲ ಎಂದು ಒಬ್ಬರು ಉದ್ದಕ್ಕೆ ಬರೆದಿದ್ದರು. ಅವನಿಗೆ 'ಕೊಡಲಿ ತಾತ' ಎಂದು ಹೆಸರೂ ಬಿದ್ದಿತ್ತು. ಎಲ್ಲಕ್ಕಿಂತ ಕೆಳಗೆ, ಹೆಸರಿಲ್ಲದ ಯಾರೋ ಹೀಗೆ ಬರೆದಿದ್ದರು: ಆ ಮುದುಕ ಎದ್ದು ನಿಂತ ಕೂಡಲೇ ನನ್ನ ಕೈ ತಣ್ಣಗಾಯಿತು. ಈ ಆಟ ಮಾಡಿದವರು ಯಾರೋ ಗೊತ್ತಿಲ್ಲ. ನೀವು ಚೆನ್ನಾಗಿದ್ದೀರಾ?

ಆ ಪ್ರಶ್ನೆಯನ್ನು ಓದಿ ಅವಳು ಕೂತಲ್ಲೇ ಕೂತುಬಿಟ್ಟಳು. ಬಸ್ಸು ತಪ್ಪಿತು. ಅವರಿಗೆ ಅರ್ಥವಾಗಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಆದರೂ ಅಂದು ಮುದ್ರಣಾಲಯದಲ್ಲಿ ಒಂದು ಪುಟವೂ ನೆಟ್ಟಗೆ ಕೂರಲಿಲ್ಲ.

ಭಾನುವಾರ ಅಕ್ಕ ಬಂದಾಗ, ಅಪ್ಪ ಕ್ಷೌರಕ್ಕೆ ಹೋಗಿದ್ದ ಹೊತ್ತು ನೋಡಿ, ನೀನೇ ಆಡಿ ಹೇಳು ಎಂದು ಕೂರಿಸಿದಳು. ಅಕ್ಕ ಮೃಗಗಳನ್ನು ಸಲೀಸಾಗಿ ದಾಟಿದಳು. ಮುದುಕನ ಹತ್ತಿರ ಮೊದಲ ದೋಣಿ ಸೀಳಿದ ಕೂಡಲೇ ಮೌಸ್ ಕೈಬಿಟ್ಟಳು.

"ಇವನನ್ನ ನೀನು ಪ್ರೀತಿಯಿಂದ ಮಾಡಿದ್ದೀಯಾ?"

"ಹೌದು. ಯಾಕೆ? ಆ ಸ್ಟೂಲಿನ ಕಥೆ ಇಟ್ಕೊಂಡೇ ಮಾಡಿದ್ದು. ನೀನು ಚಿಕ್ಕವಳಿದ್ದಾಗ ಸ್ಟೂಲು ಮಾಡಿದ್ದು, ಅಪ್ಪ ಒಡೆದು ಹಾಕಿದ್ದು."

ಅದು ಮನೆಯಲ್ಲಿ ಹಳಸಿದ ನಗೆಚಟಾಕಿ. ಅಕ್ಕನ ಕಾಲಿಲ್ಲದ ಸ್ಟೂಲು ಎಂದು ಅವಳು ಎಷ್ಟು ಜನರ ಮುಂದೆ ಅಭಿನಯಿಸಿ ತೋರಿಸಿದ್ದಳೋ ಲೆಕ್ಕವಿಲ್ಲ.

ಅಕ್ಕ ಅವಳ ಮುಖವನ್ನೇ ನೋಡಿದಳು. "ನಾನು ಜೀವಮಾನದಲ್ಲಿ ಉಳಿ ಮುಟ್ಟಿದವಳಲ್ಲ. ಆ ಸ್ಟೂಲು ನಿಂದು ಕಣೇ. ನೀನು ಮಾಡಿದ್ದು. ಒಡೆದ ಮೇಲೆ ಎಷ್ಟೋ ದಿನ ಬಾಯೇ ಬಿಡಲಿಲ್ಲ ನೀನು. ಅಮ್ಮ ಹೆದರಿ ನಿನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರು. ಆಮೇಲೆ ನೀನು ನಗ್ತಾ ಅದನ್ನ ನನ್ನ ಕಥೆ ಮಾಡಿ ಹೇಳೋಕೆ ಶುರು ಮಾಡಿದೆ, ಸರಿ, ಹಾಗಾದ್ರೂ ಮಾತಾಡ್ತಾಳಲ್ಲ ಅಂತ ನಾನು ಸುಮ್ಮನಾದೆ."

ಮರದ ಪುಡಿ ಅಂಟಿದ ಪುಟ್ಟ ಕೈಗಳು ಅವಳ ನೆನಪಿನಲ್ಲಿ ಸದಾ ಇದ್ದವು. ಅವನ್ನು ಅವಳು ಇಷ್ಟು ವರ್ಷ ಅಕ್ಕನ ಕೈಗಳೆಂದೇ ತಿಳಿದಿದ್ದಳು. ಆ ಕೈಯ ಹೆಬ್ಬೆರಳ ಮೇಲೊಂದು ಗಾಯ. ಅಕ್ಕನ ಬೆರಳು ನೋಡಿದಳು, ನುಣ್ಣಗಿತ್ತು. ತನ್ನದನ್ನು ತಿರುಗಿಸಿ ನೋಡಿದಳು, ಹಳೆಯ ಗಾಯದ ಗೆರೆ ಅಲ್ಲಿತ್ತು.

ಮರುವಾರ ನಡೆದದ್ದಕ್ಕೆ ಅವಳು ಸಿದ್ಧಳಾಗಿರಲಿಲ್ಲ. ಮಧ್ಯಾಹ್ನ ಮುದುಕನ ಭಾಗ ತೆರೆದುಕೊಂಡು ಸುಮ್ಮನೆ ಕೂತಿದ್ದಾಗ, ಅಪ್ಪ ಹಿಂದೆ ಬಂದು ನಿಂತು, ಹಲಗೆ ಕೂಡಿಸಿದ ರೀತಿ ಪರವಾಗಿಲ್ಲವಲ್ಲ ಎಂದ. ಕುರ್ಚಿ ಎಳೆದುಕೊಂಡು ತಾನೂ ಆಡುತ್ತೇನೆ ಎಂದ. ಬೇಡವೆನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ನಡುಗುವ ಕೈಗೆ ಮೌಸ್ ಒಗ್ಗಲಿಲ್ಲ. ಹಲಗೆ ಒಂದಿಷ್ಟು ಓರೆಯಾಯಿತು. ಮುದುಕ ದೋಣಿ ಸೀಳಿದ. ಅಪ್ಪ ಮತ್ತೆ ಕೂಡಿಸಿದ, ಮುದುಕ ಮತ್ತೆ ಸೀಳಿದ. ಹಾಗೆಯೇ ನಡೆಯಿತು. ಅಪ್ಪನ ಕಿವಿ ಕೆಂಪಗಾಯಿತು.

"ಇವನಿಗೆ ಕೆಲಸ ಗೊತ್ತು, ಕಲಿಸೋದು ಗೊತ್ತಿಲ್ಲ," ಎಂದ ಅಪ್ಪ. "ತಪ್ಪು ತಪ್ಪು ಅಂದ್ರೆ ಯಾವುದು ತಪ್ಪು? ಬೆರಳಿಟ್ಟು ತೋರಿಸ್ಬೇಕು. ಇಂಥವನ ಕೈಕೆಳಗೆ ಯಾವ ಮಗು ತಾನೇ ಕಲಿಯತ್ತೆ?"

ಅಪ್ಪ ಹುಡುಗಾಟಕ್ಕೆ ಹೇಳುತ್ತಿದ್ದಾನೋ ಎಂದು ಅವಳು ಅವನ ಮುಖ ನೋಡಿದಳು. ಇಲ್ಲ, ನಿಜವಾಗಿಯೂ ಸಿಟ್ಟು ಬಂದಿತ್ತು. ಆ ಮುದುಕನಲ್ಲಿ ಅವನಿಗೆ ತನ್ನ ಗುರುತೇ ಸಿಕ್ಕಿರಲಿಲ್ಲ. ಜಾಲತಾಣದಲ್ಲಿ ಅಷ್ಟು ಜನ ಬೈದದ್ದಕ್ಕಿಂತ ಇದೇ ಅವಳನ್ನು ಹೆಚ್ಚು ಅಲುಗಾಡಿಸಿತು.

"ಅಪ್ಪ, ಅದು ನೀವು," ಎಂದಳು. "ನನ್ನ ಸ್ಟೂಲು. ನೀವು ಕೊಡಲೀಲಿ ಒಡೆದಿದ್ದು."

ಅಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ.

"ಕೊಡಲಿ ಅಲ್ಲ," ಎಂದ. "ಬಾಚಿ."

ಅಂದರೆ ಅವನಿಗೆ ನೆನಪಿತ್ತು. ಅವಳು ಮರೆತು ಬೇರೆಯವರ ತಲೆಗೆ ಕಟ್ಟಿದ್ದನ್ನು ಅವನು ಕೈಯಲ್ಲಿದ್ದ ಮರ ಕೆತ್ತುವ ಹತ್ಯಾರದ ಸಮೇತ ಎದೆಯಲ್ಲಿಟ್ಟುಕೊಂಡಿದ್ದ. ಇನ್ನೇನಾದರೂ ಹೇಳುತ್ತಾನೆಂದು ಕಾದಳು. ಅಪ್ಪ ಎದ್ದು, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದ. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ.

ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಕೆಲವು ದಿನಗಳ ನಂತರ ಅಪ್ಪನೇ ಬಂದು, ಆ ಮುದುಕ ಹಲಗೆಯ ಮೇಲೆ ಎಲ್ಲಿ ಬೆರಳಿಡಬೇಕು, ಏನು ಹೇಳಬೇಕು ಎಂದು ತೋರಿಸಿಕೊಟ್ಟ. ಕಚ್ಚು ಇಲ್ಲಿ ಆಳ ಸಾಲದು, ಇಷ್ಟು ತೆಗೆ, ಉಳಿದದ್ದು ಹಾಗೇ ಇರಲಿ. ಹೇಳುವಾಗ ಅವಳ ಕಡೆ ನೋಡಲಿಲ್ಲ. ಅವಳೂ ತಲೆಯೆತ್ತದೆ ಅಷ್ಟನ್ನೂ ಬರೆದುಕೊಂಡಳು.

ಹೊಸ ಡೆಮೊ ಬಂತು. ಬಹಳ ಮಂದಿ ನದಿ ದಾಟಿದರು. ಹಳಬರು ಕೆಲವರು ಮುದುಕ ಮೆತ್ತಗಾದ, ಆಟದ ಖಾರವೇ ಹೋಯಿತು ಎಂದು ಗೊಣಗಿದರು. ಹೆಸರಿಲ್ಲದ ಆ ವ್ಯಕ್ತಿಗೆ ಏನೆಂದು ಉತ್ತರಿಸುವುದು ಎಂದು ಬಹಳ ಯೋಚಿಸಿ, ಕೇಳಿದ್ದಕ್ಕೆ ಧನ್ಯವಾದ ಎಂದಷ್ಟೇ ಬರೆದಳು.

ಅಕ್ಕನಿಗೂ ಕಳಿಸಿದ್ದಳು. ಅಕ್ಕ ಅದನ್ನು ತೆರೆಯಲೇ ಇಲ್ಲ. ನೀನು ಬೇಕಾದ್ರೆ ತಿದ್ದಿಕೋ, ನಾನು ಆ ಮುದುಕನನ್ನ ಮತ್ತೆ ನೋಡೋಲ್ಲ ಎಂದಳು ಫೋನಿನಲ್ಲಿ. ಆಮೇಲೆ, ಅಪ್ಪ ಮಾತ್ರೆ ನುಂಗಿದ್ರಾ ಎಂದು ಕೇಳಿದಳು.