ಹಿಂದಿನ ಎಡ ಚಕ್ರದ ಐದು ನಟ್ಟು

ಕ್ಯೂಬಾದ ಸಾಂತಿಯಾಗೊ ಊರಿನ ಏರುಬೀದಿಯಲ್ಲಿ ಎವೆಲಿಯೊ ಎಂದರೆ ಪ್ಲಿಮತ್ ಕಾರಿನ ಡಾಕ್ಟರು. ನಲವತ್ತೆರಡು ವರ್ಷ ಅದೊಂದೇ ಕಾರಿನಡಿ ಮಲಗಿ ಎದ್ದವನು. ಐವತ್ತನಾಲ್ಕನೇ ಇಸವಿಯ ಆ ಕಾರನ್ನು ಈಗ ಮಗಳು ಓದಾಲಿಸ್ ಬಾಡಿಗೆಗೆ ಓಡಿಸುತ್ತಾಳೆ. ಮನೆಯ ಅನ್ನ ಅದರಿಂದಲೇ. ಹೋದ ತಿಂಗಳು ಅದರ ಹಿಂದಿನ ಆಕ್ಸಲ್ ಹಲ್ಲುದುರಿಸಿಕೊಂಡು ಕೂತಿತು. ಗುಜರಿಗೆ ಬಿದ್ದ ಜಪಾನಿ ವ್ಯಾನಿನ ಆಕ್ಸಲ್ ತಂದು, ಬೆಸುಗೆ ಹಾಕಿ, ಅಂತೂ ಇಂತೂ ಕೂರಿಸಿದ.

ಆ ಬೀದಿಯಲ್ಲೊಂದು ಪದ್ಧತಿ. ಆಕ್ಸಲ್ ಕೂರಿಸಿದವನೇ ಮೊದಲ ಸವಾರಿಯಲ್ಲಿ ಅದರ ಮೇಲೆ, ಹಿಂದಿನ ಸೀಟಿನಲ್ಲಿ ಕೂರಬೇಕು. ಆದರೆ ಆ ಮೊದಲ ಸವಾರಿಯ ದಿನ ಆರು ಜನ ಗಿರಾಕಿಗಳು ಬೆಳಿಗ್ಗೆಯೇ ಹತ್ತಿಬಿಟ್ಟಿದ್ದರು. "ನಾಳೆ ಕೂತ್ರಾಯ್ತು ಬಿಡು" ಎಂದ ಪುಣ್ಯಾತ್ಮ. ಕಡೆಯ ಸಲ ಬಿಗಿ ಮಾಡಲೆಂದು ಹಿಂದಿನ ಎಡ ಚಕ್ರದ ಐದೂ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕಾಲಿನಿಂದ ಒಂದೊಂದು ಒದೆ ಒದ್ದ. ಐದೂ ಕಿರ್ರೆಂದು ಕದಲಿದವು.

"ನೋಡಿದ್ಯಾ, ಸಡಿಲ ಇತ್ತು. ನಾನಿಲ್ದಿದ್ರೆ ನಿನ್ನ ಗತಿ ಏನು" ಎಂದು ಮಗಳ ಮುಂದೆ ಜಂಬ ಬೇರೆ. ಅವಳು ಚಕ್ರದ ಕಡೆ ಒಮ್ಮೆ ನೋಡಿ ಗಾಡಿ ಬಿಟ್ಟಳು.

ಕಾಫಿ ಕುಡಿದು ಹಳೆಯ ಆಕ್ಸಲ್ ಬಿಚ್ಚಲು ಕೂತ. ಎಡಗಡೆಯ ಬ್ರೇಕ್ ಡ್ರಮ್ಮಿನಲ್ಲಿ ಒಂದು ಬೋಲ್ಟು ಕಚ್ಚಿಕೊಂಡಿತ್ತು. ಅದನ್ನು ಸಡಿಲಿಸಲು ಕೈ ತಾನಾಗಿಯೇ ಬಲಕ್ಕೆ ತಿರುಗಿತು. ಸ್ಪ್ಯಾನರ್ ಅಲ್ಲೇ ನಿಂತಿತು. ಪ್ಲಿಮತ್ತಿನ ಎಡ ಚಕ್ರಗಳ ತಿರುಪಿನ ಥ್ರೆಡ್ಡು ಉಲ್ಟಾ: ಎಡಕ್ಕೆ ತಿರುಗಿಸಿದರೆ ಬಿಗಿ. ಜಪಾನಿ ಆಕ್ಸಲಿಗೆ ಆ ಚಾಳಿಯಿಲ್ಲ. ಎಡಕ್ಕೆ ತಿರುಗಿಸಿದರೆ ಸಡಿಲ. ಬೆಳಿಗ್ಗೆ ಅವನು ಒದ್ದದ್ದು ಎಡಕ್ಕೆ. ಐದಕ್ಕೆ ಐದೂ. ಬೆಟ್ಟದ ಇಳಿಜಾರಿಗೆ ಮಗಳನ್ನು ಬಿಚ್ಚಿದ ಚಕ್ರದ ಮೇಲೆ ಕಳಿಸಿದ್ದ.

ಫೋನ್ ಮಾಡಿದ. ಹೊಡೆದುಕೊಂಡೇ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಸ್ಪ್ಯಾನರ್ ಹಿಡಿದೇ ಓಡಿ, ಪಕ್ಕದ ಮನೆಯ ಫರ್ಮಿನನ ಬೈಕು ಹತ್ತಿದ.

"ಏನಾಯ್ತೋ ಮುದುಕಾ?"

"ಮಗಳನ್ನ ಕೊಂದೆ ಕಣೋ. ಓಡ್ಸು."

ಪ್ರತಿ ತಿರುವಿನಲ್ಲೂ ಕಣ್ಣು ಕಂದಕಕ್ಕೇ ಹೋಗುತ್ತಿತ್ತು. ದೇವಮಾತೆಯ ಹೆಸರೂ ಬಾಯಿಂದ ಹೊರಡಲಿಲ್ಲ. ಮೂರನೇ ತಿರುವಿನಲ್ಲಿ ಜನ ಗುಂಪುಗೂಡಿದ್ದು ಕಂಡು ಕಣ್ಣು ಮುಚ್ಚಿಬಿಟ್ಟ.

"ಮಾವಿನಹಣ್ಣು ಮಾರ್ತಾ ಇದಾರೆ ಮಾರಾಯ, ಕಣ್ಣು ಬಿಡು" ಎಂದ ಫರ್ಮಿನ್.

ಬೆಟ್ಟದ ಬುಡದ ಸ್ಟ್ಯಾಂಡಿನಲ್ಲಿ ಪ್ಲಿಮತ್ ನಿಂತಿತ್ತು. ಗಿರಾಕಿಗಳು ಇಳಿದು ಹೋಗಿದ್ದರು. ಓದಾಲಿಸ್ ಬಾಗಿಲಿಗೆ ಒರಗಿ ಬ್ರೆಡ್ ತಿನ್ನುತ್ತಿದ್ದಳು. ಅವನು ಅವಳ ಮುಖವನ್ನೂ ನೋಡದೆ ಚಕ್ರದ ಮುಂದೆ ಕುಸಿದು ನಟ್ಟು ಮುಟ್ಟಿದ. ಐದೂ ಬಿಗಿಯಾಗಿದ್ದವು. ಪಕ್ಕದಲ್ಲಿ ಕೆಂಪು ನೈಲ್ ಪಾಲಿಶಿನ ಬಾಣ, ಬಲಕ್ಕೆ.

"ಮೂಲೆ ತಿರುಗಿದ್ ಕೂಡ್ಲೇ ನಿಲ್ಸಿ ಬಿಗಿ ಮಾಡ್ದೆ ಅಪ್ಪ."

"ಅಲ್ಲೇ ಹೇಳ್ಬಾರ್ದಿತ್ತಾ?"

"ಅಷ್ಟು ಜನರ ಮುಂದೆ? ನಿಂಗೆ?"

ಅವನಿಗೆ ಅಳು ಬಂತು. ಹೆದರಿಕೆ ಮಾತ್ರ ಇಳಿಯಲಿಲ್ಲ. ಈಗ ಅವನಿಗೆ ತನ್ನ ಕೈಗಳ ಮೇಲೆಯೇ ಹೆದರಿಕೆ.

"ಇವತ್ತು ನೀನು ನೋಡ್ದೆ. ನೋಡ್ದೇ ಇದ್ದಿದ್ರೆ?"

ಅವನು ಸ್ಪ್ಯಾನರನ್ನು ಅವಳ ಕೈಗಿಟ್ಟ. "ಇನ್ನು ಇದು ನಿಂದು" ಎಂದು ಹಿಂದಿನ ಸೀಟಿನಲ್ಲಿ, ಆ ಚಕ್ರದ ಮೇಲೆಯೇ ಕೂತ. ಮನೆ ಮುಟ್ಟುವ ತನಕ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಅವುಚಿಕೊಂಡಿದ್ದ.