ಗಿರಣಿ ಆಯಿ ಸುರಿದ ನೀರು

ಹುಬ್ಬು, ರೆಪ್ಪೆ, ಮೂಗಿನ ತುದಿ, ಎಲ್ಲದರ ಮೇಲೂ ಜೋಳದ ಹಿಟ್ಟು. ಎಲೆ ಅಡಿಕೆ ಹಾಕಿದ ಬಾಯಿ ಮಾತ್ರ ಕೆಂಪಗೆ. ಜತ್ತ ತಾಲೂಕಿನ ಶೇಗಾಂವದ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಆಕೆಯನ್ನು ಎಲ್ಲರೂ ಗಿರಣಿ ಆಯಿ ಅನ್ನುತ್ತಿದ್ದರು. ಮಾತಿಗೆ ಮೊದಲು ಒಂದು ‘ಥೂ’, ಮುಗಿದ ಮೇಲೆ ಇನ್ನೊಂದು. ಹಿಟ್ಟು ಬಾಯಿಗೆ ಹೋಗಿದ್ದಕ್ಕೆ ಉಗುಳುತ್ತಾಳೆ ಎಂದು ಮದುವೆಯಾಗಿ ಬಂದ ಹೊಸದರಲ್ಲಿ ನಾನು ತಿಳಿದಿದ್ದೆ. ಆಕೆ ಉಗುಳುತ್ತಿದ್ದುದು ಊರಿಗೆ.

ನಾನು ಒಬ್ಬ ಸಾವುಕಾರರ ಮನೆಗೆ ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಅಲ್ಲಿ ಬಂಗಾರದ ಸರ ಕಾಣೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಇಬ್ಬರು ಪೊಲೀಸರು ನಮ್ಮ ಬಾಗಿಲಿಗೆ ಬಂದರು. ಜೊತೆಗೆ ಊರಿನ ಪುಢಾರಿ. ಯಾರ ಮನೆಗೆ ಪೊಲೀಸರು ಬಂದರೂ ಇವನು ಹಲ್ಲು ಕಿರಿಯುತ್ತ ಮುಂದೆ ಇರುತ್ತಿದ್ದ.

‘ಏನಿಲ್ಲವಾ, ಠಾಣ್ಯಾಗ ಒಂದ ಜಬಾಬ ಕೊಟ್ಟ ಬರೂದು. ನಾ ಅದೀನಲ್ಲ, ಲಗೂನ ಕರಕೊಂಡ ಬರತೀನಿ’ ಎಂದ.

ಹೇಳಿಕೆಗೆ ನಮ್ಮಲ್ಲಿ ಜಬಾಬು ಅನ್ನುತ್ತಾರೆ. ಓಣಿಯೆಲ್ಲ ಹೊರಗೆ ಬಂದು ನಿಂತಿತ್ತು. ಬಾಯಿ ಚಪ್ಪರಿಸುತ್ತ ನೋಡುತ್ತಿದ್ದ ಆ ಮುಖಗಳನ್ನು ನಾನು ಈಗಲೂ ಮರೆತಿಲ್ಲ. ಅತ್ತೆಯೂ, ‘ಹೋಗಿ ಬಾರವಾ, ದೊಡ್ಡವ್ರ ಕೂಡ ಯಾಕ ವಾದ?’ ಎಂದರು. ನಾನು ಚಪ್ಪಲಿ ಮೆಟ್ಟಿದೆ.

ಗಿರಣಿಯ ಸದ್ದು ನಿಂತಿತು. ಆಯಿ ಹಿಟ್ಟಿನ ಕೈಯಲ್ಲೇ ಬಂದು ನನ್ನ ರಟ್ಟೆ ಹಿಡಿದಳು.

‘ಥೂ, ಚಪ್ಪಲಿ ಬಿಡ. ಸಾಹೇಬ್ರ, ಬರ್ರಿ, ಕುಂದ್ರಿ. ಹೆಣ್ಣಮಗಳ ಜಬಾಬ ಬೇಕಾದ್ರ ಅಕಿ ಮನ್ಯಾಗ ತಗೋಬೇಕ್ರಿ, ಠಾಣ್ಯಾಕ ಕರಿಯೂ ಹಂಗಿಲ್ಲ. ಹಿಡಕೊಂಡ ಹೋಗಾವ್ರಿದ್ರ ಕಾರಣ ಹೇಳ್ರಿ. ಹೊತ್ತ ಮುಳಗೇದ, ಹೆಣ್ಣ ಪೊಲೀಸ್ ಎಲ್ಲಿ ಅದಾರ್ರಿ?’

‘ಏ ಆಯಿ, ನಿನಗೇನ ತಿಳೀತದ?’ ಎಂದು ಪುಢಾರಿ ನಕ್ಕ. ಪೊಲೀಸರು ನಗಲಿಲ್ಲ. ಮುಖ ಮುಖ ನೋಡಿಕೊಂಡು ನಮ್ಮ ಕಟ್ಟೆಯ ಮೇಲೇ ಕುಳಿತರು, ಕೇಳುವುದನ್ನು ಕೇಳಿದರು, ಬರೆದುಕೊಂಡು ಹೋದರು. ಪುಢಾರಿಯೂ ಮರೆಯಾಗುವ ತನಕ ಆಯಿ ಕಾದಳು. ಆಮೇಲೆ ಅವನು ನಿಂತಿದ್ದ ಜಾಗಕ್ಕೆ ಒಂದು ಕೊಡ ನೀರು ಸುರಿದಳು.

‘ಪೊಲೀಸ್ರು ಕುಂತ ಜಾಗಾಕ ಬ್ಯಾಡೇನ ಆಯಿ?’ ಎಂದೆ.

‘ಅವರದ ನೌಕರಿ ಅದ. ಇಂವಂದೇನ? ಥೂ.’

ಸರ ಸಾವುಕಾರರ ಮನೆಯಲ್ಲೇ ಸಿಕ್ಕಿತು. ತಪ್ಪಾಯಿತು ಅನ್ನಲು ಯಾವ ಮಗನೂ ಬರಲಿಲ್ಲ.

ಆಯಿಯ ಕತೆ ನನಗೆ ತಿಳಿದದ್ದು ಆಮೇಲೆ. ಹರೆಯದಲ್ಲಿ ಆಕೆಯೂ ‘ಒಂದ ಜಬಾಬ’ ಎಂಬ ಇಂಥದೇ ಮಾತು ನಂಬಿ ಹೋಗಿದ್ದಳು. ಮರುದಿನದವರೆಗೆ ಬೆಂಚಿನ ಮೇಲೆ ಕೂರಿಸಿದ್ದರು. ಕೇಸೇನೂ ಆಗಲಿಲ್ಲ. ಆದರೆ ಗಂಡ ಒಳಗೆ ಬಿಟ್ಟುಕೊಳ್ಳಲಿಲ್ಲ, ಊರು ಆಕೆಗೆ ‘ಠಾಣ್ಯಾಗ ಕುಂತ ಬಂದಾಕಿ’ ಎಂದು ಹೆಸರಿಟ್ಟಿತು. ಜತ್ತದ ಕೋರ್ಟಿಗೆ ಹೋಗಿ ಒಬ್ಬ ವಕೀಲಬಾಯಿಯಿಂದ ಕಾಯ್ದೆ ಕೇಳಿಕೊಂಡದ್ದು ಅದಾದ ಮೇಲೆ. ‘ನನಗ ತಡಾ ಆತು. ನಿನಗ ಆಗಲಿಲ್ಲಲ್ಲ, ಸಾಕ’ ಎಂದಳು. ನಾನು ಇವತ್ತು ಈ ಊರಿನಲ್ಲಿ ತಲೆ ಎತ್ತಿ ಓಡಾಡುತ್ತಿರುವುದು ಆಕೆಯಿಂದ.

ಕಳೆದ ತಿಂಗಳು ಆಯಿ ತೀರಿಕೊಂಡಳು. ಗಿರಣಿಯ ಮುಂದೆ ಆಕೆಯನ್ನು ಕೂರಿಸಿದ್ದರು. ಅದೇ ಪುಢಾರಿ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಬಂದ. ಕಣ್ಣೊರೆಸಿಕೊಂಡು, ‘ಆಯಿ ಅಂದ್ರ ನಮ್ಮೂರಿನ ಹೆಣ್ಣ ಹುಲಿ’ ಎಂದು ಭಾಷಣ ಶುರು ಮಾಡಿದ, ಹೆಣದ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಓಣಿ ಅದೇ ಹಳೆಯ ಕಣ್ಣುಗಳಿಂದ ನೋಡುತ್ತಿತ್ತು.

ನಾನು ಒಳಗೆ ಹೋಗಿ ತುಂಬಿದ ಕೊಡ ಎತ್ತಿಕೊಂಡು ಬಂದೆ. ಆಯಿಯ ಹಾಗೆ ಅವನು ಮರೆಯಾಗುವ ತನಕ ಕಾಯಲಿಲ್ಲ. ಅವನ ಕಾಲ ಬುಡಕ್ಕೇ ಸುರಿದೆ.